ಬಿಡುವಿನ ಉತ್ತರ

೧೯೭೮ರಲ್ಲಿ ಷಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್, ರ‍್ಯಾಂಡಿ ಸೂಸ್ ಎಂಬಿಬ್ಬರು ಕಂಪ್ಯೂಟರಿನಲ್ಲಿ ಸೂಚನಾಫಲಕವೊಂದನ್ನು ತೆರೆದರು. ಫೋನಿನಿಂದ ಸಂಪರ್ಕ, ಒಮ್ಮೆಗೆ ಒಬ್ಬರಿಗೇ ಪ್ರವೇಶ. ಇಂಥ ಫಲಕಗಳು ಹೆಚ್ಚಿದಂತೆ, ಸಂದೇಶಗಳನ್ನೆಲ್ಲ ಇಳಿಸಿಕೊಂಡು, ಫೋನಿಟ್ಟು, ಬಿಡುವಾಗಿ ಓದಿ, ಉತ್ತರಗಳನ್ನು ಒಟ್ಟಿಗೆ ಕಳುಹಿಸುವ ಪದ್ಧತಿ ಬಂತು. ಉತ್ತರ ತಲುಪುವಷ್ಟರಲ್ಲಿ ಪ್ರಶ್ನೆಯೇ ಹಳಸಿರುವುದುಂಟು. ಅದು ಇದರ ದೋಷ. ಬರೆದುದನ್ನು ಕಳುಹಿಸುವ ಮೊದಲು ತಿದ್ದಲು, ಅಳಿಸಲು ವೇಳೆಯಿರುವುದು ಗುಣ.

ಕಾಚಿಗುಡದಲ್ಲಿದ್ದಾಗ ನಮ್ಮ ತಂದೆಯವರು ಊರಿನ ಇನ್‌ಲೆಂಡ್ ಪತ್ರವನ್ನು ಎರಡು ಸಲ ಓದಿ, ಭಾನುವಾರ ನಿಧಾನವಾಗಿ ಉತ್ತರಿಸುತ್ತಿದ್ದರು. ನಾವು ಹಾಗಲ್ಲ. ಸಂಘದ ವಾಟ್ಸಾಪ್ ಬಳಗದಲ್ಲಿ ಮಿತ್ರರೊಬ್ಬರು ಬರೆದುದನ್ನು ಪೂರ್ತಿ ಓದದೆ, ಬಸ್ಸಿನಲ್ಲಿ ನಿಂತೇ ಕಟುವಾಗಿ ಉತ್ತರಿಸಿದೆವು. ಅವರೀಗ ಸಭೆಗೆ ಬರುವುದಿಲ್ಲ. ಒಂದು ರಾತ್ರಿ ತಡೆದಿದ್ದರೆ ಆ ಮಾತನ್ನು ನಾವೇ ಅಳಿಸುತ್ತಿದ್ದೆವು. ಈ ಭಾನುವಾರ ಅವರಿಗೆ ಕಾಗದ ಬರೆಯುವವರಿದ್ದೇವೆ.