ಸ್ಟಿಲ್‌ನಲ್ಲಿ ಕಾಣುವುದು ಯಾವ ಹೋಟೆಲು?

ಹಳೆಯ ಸಿನಿಮಾದ ಸ್ಟಿಲ್ ಕೈಗೆ ಬಂದರೆ ನಾಯಕ ನಾಯಕಿಯರನ್ನು ಬಿಟ್ಟು ಅವರ ಬೆನ್ನ ಹಿಂದಿನ ಹೋಟೆಲು ಯಾವುದೆಂದು ಹುಡುಕುವವರಿದ್ದಾರೆ. ನನಗೆ ಇದು ಪ್ರಿಯವಾದ ಕೆಲಸ. ಮುಚ್ಚಿಹೋದ ಎಷ್ಟೋ ಹೋಟೆಲುಗಳ ಒಳಾಂಗಣ ಉಳಿದಿದ್ದರೆ ಇಂಥ ಚಿತ್ರಗಳಲ್ಲೇ. ಆದರೆ ಈ ಹುಡುಕಾಟದಲ್ಲಿ ಅವಸರ ವಿಪರೀತ. ಅಮೃತಶಿಲೆಯ ಮೇಜು, ಬಾಗುಮರದ ಕುರ್ಚಿ ಕಂಡದ್ದೇ ತಡ, ಹೈದರಾಬಾದಿನ ಇಂಥದೇ ಇರಾನಿ ಹೋಟೆಲ್ ಎಂದು ಹೆಸರು ಹಚ್ಚಿಬಿಡುತ್ತಾರೆ. ಅವೇ ಮೇಜು ಕುರ್ಚಿ ಮುಂಬಯಿಯಲ್ಲೂ ಇದ್ದವು. ಬಿಳಿ ಪೇಟದ ಸಪ್ಲೈಯರ್ ಕಂಡರೆ ಬೆಂಗಳೂರು ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಎನ್ನುವುದೂ ಹೀಗೆಯೇ. ಆ ಉಡುಪು ಊರೂರಿನ ಕಾಫಿ ಹೌಸುಗಳದು.

ಹೈದರಾಬಾದಿನ ಸನತ್‌ನಗರದಲ್ಲಿ ಕೂತು ಬರೆಯುವವರಿಗೆ ಇನ್ನೊಂದು ಸಂಗತಿ ಮರೆಯುವಂತಿಲ್ಲ. ಪಕ್ಕದ ಅಮೀರ್‌ಪೇಟೆಯಲ್ಲಿ 1950ರ ದಶಕದ ಸಾರಥಿ ಸ್ಟುಡಿಯೊ ಇದೆ. ಅಂಥ ಸ್ಟುಡಿಯೊಗಳ ಫ್ಲೋರ್‌ಗಳಲ್ಲಿ ಬೇಕಾದ ಹೋಟೆಲು ಎದ್ದು, ಚಿತ್ರೀಕರಣ ಮುಗಿದೊಡನೆ ಬಿಚ್ಚಿಹೋಗುತ್ತಿತ್ತು. ಕನ್ನಡ ಚಿತ್ರಗಳೂ ಬಹುಕಾಲ ಮದರಾಸಿನಲ್ಲಿ ತಯಾರಾದವು. ತೆರೆಯ ಮೇಲಿನ ಬೆಂಗಳೂರಿನ ಹೋಟೆಲನ್ನು ಮದರಾಸಿನ ಕೋಡಂಬಾಕ್ಕಂನ ಬಡಗಿಗಳು ಕಟ್ಟಿರಬಹುದು. ಆದ್ದರಿಂದ ಯಾವ ಹೋಟೆಲು ಎಂಬುದಕ್ಕಿಂತ ಮೊದಲು, ಇದು ಹೋಟೆಲೋ ಸೆಟ್ಟೋ ಎಂದು ಕೇಳಬೇಕು. ಚಾವಣಿ, ತಿರುಗುವ ಫ್ಯಾನು ಕಾಣುತ್ತವೆಯೇ? ಸೆಟ್ಟಿಗೆ ಸಾಮಾನ್ಯವಾಗಿ ಚಾವಣಿ ಇರುವುದಿಲ್ಲ, ಬೆಳಕು ಅಲ್ಲಿಂದಲೇ ಇಳಿಯಬೇಕಲ್ಲ. ಒಬ್ಬನಿಗೆ ಮೂರು ನೆರಳಿವೆಯೇ? ಕಿಟಕಿಯಾಚೆಯ ಬೀದಿ ಬಣ್ಣ ಬಳಿದ ಬಟ್ಟೆಯಂತಿದೆಯೇ?

ಸ್ಟಿಲ್ ಎಂಬುದು ಸಿನಿಮಾದ ರೀಲಿನಿಂದ ಕತ್ತರಿಸಿದ ಚೌಕಟ್ಟಲ್ಲ. ಅದನ್ನು ತೆಗೆಯುವವರು ಬೇರೆ, ಕ್ಯಾಮೆರಾ ಬೇರೆ. ಬೆಂಗಳೂರಿನಲ್ಲಿ ಪ್ರಗತಿ ಅಶ್ವತ್ಥನಾರಾಯಣರಂಥವರು ಇದನ್ನೇ ವೃತ್ತಿಯಾಗಿ ಮಾಡಿದರು. ಸಿನಿಮಾದಲ್ಲಿಲ್ಲದ ಮೂಲೆಯೂ ಸ್ಟಿಲ್‌ನಲ್ಲಿ ಕಾಣಬಹುದು, ಶಾಟ್ ಮುಗಿದ ಮೇಲೆ ಬೇರೆಡೆ ನಿಲ್ಲಿಸಿ ತೆಗೆದದ್ದೂ ಇರಬಹುದು. ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದರಂತೂ ಬಾಗಿಲೇ ಎಡದಿಂದ ಬಲಕ್ಕೆ ಹಾರುತ್ತದೆ. ಗಂಡಸರ ಅಂಗಿಯ ಜೇಬು ಅವರ ಬಲ ಎದೆಯ ಮೇಲೆ ಕಂಡರೆ ಸಂಶಯಪಡಬೇಕು.

ಅಮೆರಿಕದಲ್ಲಿ ಟಿಕಿ ಹೋಟೆಲುಗಳ ಬೆನ್ನು ಹತ್ತಿದವರ ಕೆಲಸ ಇಲ್ಲಿ ಹೋಲಿಸಿ ನೋಡುವಂಥದು. 1930ರ ದಶಕದ ಹಾಲಿವುಡ್‌ನಲ್ಲಿ ಡಾನ್ ದಿ ಬೀಚ್‌ಕೋಂಬರ್‌ನಿಂದ ಹಬ್ಬಿದ, ಬಿದಿರು, ಹುಲ್ಲುಚಾವಣಿ, ಮರದ ಮೂರ್ತಿಗಳಿಂದ ಶಾಂತಸಾಗರದ ದ್ವೀಪವನ್ನು ಕಲ್ಪಿಸಿದ ಹೋಟೆಲುಗಳವು. ಪ್ರಚಾರಚಿತ್ರದಲ್ಲೊಂದು ಮೂರ್ತಿ ಕಂಡರೆ ಅವರು ಬೆಂಕಿಪೊಟ್ಟಣ, ಮೆನು, ಪೋಸ್ಟ್‌ಕಾರ್ಡುಗಳ ಜೊತೆ ಇಟ್ಟು ನೋಡುತ್ತಾರೆ. ಮೂರ್ತಿಯೊಂದನ್ನೇ ನಂಬುವಂತಿಲ್ಲ. 1956ರಲ್ಲಿ ಶುರುವಾದ ಓಷಿಯಾನಿಕ್ ಆರ್ಟ್ಸ್ ಎಂಬ ಒಂದೇ ಸಂಸ್ಥೆ ಅನೇಕ ಹೋಟೆಲುಗಳಿಗೆ ಕೆತ್ತನೆ ಒದಗಿಸಿತ್ತು. ಈ ಹುಡುಕಾಟಗಾರರ ಬಲವಿರುವುದು ಹೋಟೆಲಿನಿಂದ ಹೊರಬಿದ್ದ ಕಾಗದದ ಚೂರುಗಳನ್ನೂ ಜೋಪಾನ ಮಾಡಿದ್ದರಲ್ಲಿ. ನಾವು ಬಿಲ್ಲು, ಮೆನುಗಳನ್ನು ಹೋಟೆಲಿನ ಜೊತೆಗೇ ಕಸಕ್ಕೆ ಹಾಕಿದೆವು. ಈ ನಷ್ಟ ನನ್ನನ್ನು ನಿಜಕ್ಕೂ ಕಾಡುತ್ತದೆ.

ಹಾಗಾಗಿ ನಮಗೆ ಉಳಿದ ಸಾಕ್ಷಿ ಕಟ್ಟಡದ್ದು. ಕುರ್ಚಿ, ಗಡಿಯಾರ, ಬೋರ್ಡು ಇವೆಲ್ಲ ಕಲಾ ವಿಭಾಗದವರು ಎತ್ತಿಡುವ ವಸ್ತುಗಳು. ನೆಲದ ಹಾಸಿನ ವಿನ್ಯಾಸ, ಕಿಟಕಿಯ ಸರಳು, ಮೆಟ್ಟಿಲು ತಿರುಗುವ ಬಗೆ, ಕಂಬಗಳ ನಡುವಿನ ಅಂತರ ಇವನ್ನು ಒಂದು ದಿನದ ಚಿತ್ರೀಕರಣಕ್ಕಾಗಿ ಯಾರೂ ಬದಲಿಸುವುದಿಲ್ಲ. ಇಂಥ ಎರಡು ಮೂರು ಗುರುತು ಕೂಡಿಬಂದರೆ ಮಾತ್ರ ಹುಡುಕುವವರು ಹೋಟೆಲಿನ ಹೆಸರು ಬರೆಯಲಿ, ಇಲ್ಲದಿದ್ದರೆ ‘ಬಹುಶಃ’ ಎಂದು ಸೇರಿಸಲಿ. ಅದಕ್ಕೂ ಮುನ್ನ ಸ್ಟಿಲ್ ಅನ್ನು ಹಳೆಯ ಸಪ್ಲೈಯರ್‌ಗಳಿಗೆ, ಸೆಟ್ಟಿಗೆ ಮೊಳೆ ಹೊಡೆದ ಬಡಗಿಗಳಿಗೆ ತೋರಿಸಲಿ. ಅವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.