ಐರನ್ ಮ್ಯಾನ್ ನೀರು ಕುಡಿಯುವಾಗ

"ಅಣ್ಣಾ, ಟಾಯ್ಲೆಟ್ ಯಾವ ಕಡೆ?"

ಕಳೆದ ಜನವರಿಯಲ್ಲಿ ಬೆಂಗಳೂರು ಕಾಮಿಕ್ ಕಾನ್‌ಗೆ ಹೋದಾಗ ಅಪರಿಚಿತರೊಬ್ಬರು ತಾವಾಗೇ ಬಂದು ನನ್ನನ್ನು ಮಾತಾಡಿಸಿದ್ದು ಅದೊಂದೇ ಸಲ. ಹೈಸ್ಕೂಲ್ ಹುಡುಗ ಇರಬೇಕು. ಅವನ ತಪ್ಪೇನಿಲ್ಲ. ಕಂದು ಜಾಕೆಟ್ಟು, ಎದೆ ಮೇಲೆ ಅಡ್ಡಡ್ಡ ಬೆಲ್ಟು, ಬೆನ್ನ ಮೇಲೊಂದು ಲೋಗೋ ನೋಡಿ ವಾಲಂಟಿಯರ್ ಅಂದ್ಕೊಂಡಿದ್ದ. ನಾನು ಮಾತ್ರ ಬೆಳಿಗ್ಗೆ ಎಂಟರಿಂದ ಕ್ಯಾಪ್ಟನ್ ಲೀವೈ ಆಗಿದ್ದೆ!

ಗೊತ್ತಿಲ್ಲದವರಿಗೆ ಹೇಳ್ತೀನಿ. ಹಾಜಿಮೆ ಇಸಾಯಾಮಾ ಬರೆದ 'ಅಟ್ಯಾಕ್ ಆನ್ ಟೈಟನ್' ಮಾಂಗಾ 2009ರಿಂದ 2021ರವರೆಗೆ ಬಂತು. ಮನುಷ್ಯರನ್ನು ತಿನ್ನೋ ದೈತ್ಯರು, ಅವರ ಜೊತೆ ಹೋರಾಡೋ ಸೈನಿಕರು. ಆ ಸೈನಿಕರಲ್ಲಿ ಎಲ್ಲರಿಗಿಂತ ಗಟ್ಟಿಗ ಈ ಲೀವೈ. ಎತ್ತರ ಬರೀ 160 ಸೆಂಟಿಮೀಟರ್. ನಾನು ಐದಡಿ ಹತ್ತಿಂಚು. ಆದರೇನಂತೆ, ಜಾಕೆಟ್ ಇದೆಯಲ್ಲ, 2,800 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ್ದು, ಅಂತ ಧೈರ್ಯವಾಗಿ ಹೊರಟಿದ್ದೆ.

ಮಧ್ಯಾಹ್ನ ಫುಡ್ ಕೋರ್ಟಿನಲ್ಲಿ ಇನ್ನೊಬ್ಬ ಲೀವೈ ಸಿಕ್ಕ. ಅದೇ ಜಾಕೆಟ್. ಬೆಲ್ಟಿನ ಬಕಲ್ ಹತ್ತಿರ ದಾರ ಎದ್ದು ಬಂದಿತ್ತು ನೋಡಿ, ನನ್ನದರಲ್ಲೂ ಅದೇ ಜಾಗದಲ್ಲಿ ಎದ್ದಿತ್ತು. ಒಂದೇ ಸೆಲ್ಲರ್ ಹತ್ತಿರ ತಗೊಂಡಿದ್ದೀವಿ ಅನ್ನೋದರಲ್ಲಿ ಅನುಮಾನವೇ ಇಲ್ಲ. ಅವನೂ ಏನು ಗಿಡ್ಡನಲ್ಲ. ಆದರೆ ಅವನ ಸುತ್ತ ಹದಿನೈದು ಜನ ನಿಂತಿದ್ದರು.

ಅವನು ಮಾಡ್ತಿದ್ದದ್ದು ಇಷ್ಟೇ. ಟೇಬಲ್ಲಿಗೆ ಬಂದ. ಕೂರಲಿಲ್ಲ. ಮೇಲೆ ಬಿದ್ದಿದ್ದ ಕೆಚಪ್ ಕಲೆಯನ್ನು ಸುಮ್ನೆ ನೋಡಿದ, ಯಾರೋ ಅವನ ತಾತನ ಆಸ್ತಿ ಹೊಡೆದಿದ್ದಾರೇನೋ ಅನ್ನೋ ಥರ. ಜೇಬಿನಿಂದ ಬಿಳಿ ಕರ್ಚೀಫು ತೆಗೆದು ನಿಧಾನಕ್ಕೆ ಒರೆಸಿದ. ಮೂಲೆಗಳನ್ನೂ ಬಿಡಲಿಲ್ಲ. ಆಮೇಲೆ ಕೂತು, ಪೇಪರ್ ಕಪ್ಪಿನ ಚಹಾವನ್ನು ಪಕ್ಕದಿಂದ ಹಿಡಿಯದೆ ಮೇಲಿನ ಅಂಚಿಗೆ ಬೆರಳಿಟ್ಟು ಎತ್ತಿ ಕುಡಿದ. ಕಥೆ ಓದಿದವರಿಗೆ ಅಷ್ಟು ಸಾಕು. ಲೀವೈಗೆ ಕಸ ಕಂಡರೆ ಆಗಲ್ಲ, ಕಪ್ಪನ್ನು ಅವನು ಹಿಡಿಯೋದೇ ಹಾಗೆ. ನನ್ನ ಪಕ್ಕ ನಿಂತಿದ್ದ ಹುಡುಗಿ "ಅಯ್ಯೋ ಕಪ್ಪು ನೋಡೇ, ಕಪ್ಪು" ಅಂತ ಗೆಳತಿಯ ಕೈ ಚಿವುಟಿದಳು.

ನಮ್ಮ ಕೆಲಸದಲ್ಲಿ ಇದಕ್ಕೆ ಎ/ಬಿ ಟೆಸ್ಟ್ ಅಂತೀವಿ. ಎಲ್ಲ ಒಂದೇ ಇಟ್ಟು ಒಂದನ್ನು ಮಾತ್ರ ಬದಲಾಯಿಸಿ ರಿಸಲ್ಟ್ ನೋಡೋದು. ಜಾಕೆಟ್ ಅದೇ, ಹಾಲ್ ಅದೇ, ಜನ ಅವರೇ. ರಿಸಲ್ಟು: ಅವನಿಗೆ ಹದಿನೈದು ಜನ, ನನಗೆ ಟಾಯ್ಲೆಟ್.

ಹೊಟ್ಟೆ ಉರೀತು ಅಂತ ಒಪ್ಪಿಕೊಂಡು ಮುಂದೆ ಹೋಗ್ತೀನಿ.

ಊಟ ಆದ ಮೇಲೆ ನಾನು ಫೋಟೋ ತೆಗೆಸಿಕೊಳ್ಳೋ ಆಸೆ ಬಿಟ್ಟು, ಬೇರೆ ವೇಷಗಳನ್ನೇ ನೋಡ್ತಾ ಸುತ್ತಿದೆ. ಎಲ್ಲರಿಗಿಂತ ದೊಡ್ಡ ಗುಂಪು ಇದ್ದದ್ದು ಒಬ್ಬ ಐರನ್ ಮ್ಯಾನ್ ಹತ್ತಿರ. ಅವನ ಕೆಲಸಕ್ಕೆ ನಾನು ಕೈ ಮುಗೀತೀನಿ. ಇಂಥ ಕವಚಗಳನ್ನು ಸಾಮಾನ್ಯವಾಗಿ ಇವಿಎ ಫೋಮಿನಲ್ಲಿ ಮಾಡ್ತಾರೆ. ಮಕ್ಕಳು ಆಡೋಕೆ ನೆಲಕ್ಕೆ ಹಾಸ್ತೀವಲ್ಲ, ಅದೇ ಮ್ಯಾಟಿನ ಜಾತಿಯದ್ದು. ಅಳತೆಗೆ ಕತ್ತರಿಸಿ, ಹೀಟ್ ಗನ್ನಿನಿಂದ ಬಿಸಿ ಮಾಡಿ ಬಾಗಿಸಬೇಕು. ಬಿಸಿ ತಾಗಿದಾಗ ಮೇಲಿನ ಸಣ್ಣ ಸಣ್ಣ ತೂತುಗಳೂ ಮುಚ್ಚಿಕೊಳ್ಳುತ್ತವೆ. ಗಮ್ ಎರಡೂ ಕಡೆ ಹಚ್ಚಿ, ಸ್ವಲ್ಪ ಒಣಗಿಸಿ ಒಂದೇ ಸಲಕ್ಕೆ ಕೂರಿಸಬೇಕು, ತಪ್ಪಿದರೆ ಹರಿಯಬೇಕು. ಆಮೇಲೆ ಪ್ರೈಮರು, ಪೇಂಟು. ಇವನು ಅಷ್ಟಕ್ಕೇ ಬಿಡದೆ ಆರ್ಡುಯಿನೋ ಹಾಕಿ, ಸರ್ವೋ ಮೋಟರಿನಿಂದ ಮುಖವಾಡ ತಾನಾಗಿ ಮೇಲೇಳೋ ಹಾಗೆ ಮಾಡಿದ್ದ. ಎಸ್‌ಪಿ ರೋಡಿನಲ್ಲಿ ಮೋಟರ್ ಹುಡುಕಿ ಸುಸ್ತಾದ ಯಾರಿಗಾದರೂ ಆ 'ಜುಯ್' ಅನ್ನೋ ಸದ್ದಿನ ಬೆಲೆ ಗೊತ್ತಾಗುತ್ತೆ. ಕೀಲುಗಳ ಹತ್ತಿರ ಕಪ್ಪು ಬಣ್ಣ ಒರೆಸಿ, ಯುದ್ಧದಿಂದ ಈಗಷ್ಟೇ ಬಂದವನ ಹಾಗೆ ಕೂಡ ಮಾಡಿದ್ದ.

ಇಷ್ಟೆಲ್ಲ ಇದ್ದೂ, ಅವನು ನೀರು ಕುಡಿಯೋಕೆ ನಿಂತಾಗ ಎಲ್ಲ ಕಳಚಿ ಬಿತ್ತು. ಬಗ್ಗೋಕೆ ಆಗಲ್ಲ, ಕೂರೋಕೆ ಆಗಲ್ಲ. ಗೆಳೆಯ ಸ್ಟ್ರಾ ಹಾಕಿ ಬಾಟಲಿ ಹಿಡಿದ. ಐರನ್ ಮ್ಯಾನ್ "ಮಗಾ, ಹಿಂದೆ ಸ್ಟ್ರಾಪ್ ಚುಚ್ತಾ ಇದೆ ನೋಡೋ" ಅಂದ. ಗುಂಪು ಕರಗಿತು. ಅಪ್ಪನ ಹೆಗಲ ಮೇಲಿದ್ದ ಒಂದು ಪುಟ್ಟ ಮಗು ಮಾತ್ರ ಇನ್ನೂ ನೋಡ್ತಾ ಇತ್ತು, ಆದರೆ ಅದು ನೋಡ್ತಾ ಇದ್ದದ್ದು ಬಾಟಲಿಯನ್ನು.

ನನಗೆ ಬೇಜಾರಾದದ್ದು ಯಾಕೆ ಅಂದರೆ, ಆ ಪಾತ್ರದ ಒಳಗೇ ಇದಕ್ಕೆ ಉತ್ತರ ಇತ್ತು. 2010ರ 'ಐರನ್ ಮ್ಯಾನ್ 2' ನೆನಪಿದೆಯಾ? ಟೋನಿ ಸ್ಟಾರ್ಕ್ ಅಂಗಡಿಯ ಮೇಲಿನ ದೊಡ್ಡ ಡೋನಟ್ ಬೋರ್ಡಿನೊಳಗೆ ಇಡೀ ಕವಚ ಹಾಕ್ಕೊಂಡೇ ಕೂತು ಡೋನಟ್ ತಿಂತಾನೆ. ಸುಸ್ತಾದ, ಸೊಕ್ಕಿನ, ಹಸಿದ ಸೂಪರ್ ಹೀರೋ. ಮುಖವಾಡ 'ಜುಯ್' ಅಂತ ಎತ್ತಿ, ಗೆಳೆಯನನ್ನು ಅಸಿಸ್ಟೆಂಟ್ ಥರ ಗದರಿ ನೀರು ಕುಡಿದಿದ್ದರೆ ಸಾಕಿತ್ತು. ಅದು ಆ ದಿನದ ದೃಶ್ಯ ಆಗ್ತಿತ್ತು. ಮೋಟರ್ ಇದ್ದದ್ದೇ ಅದಕ್ಕಲ್ವಾ?

ಕಾಸ್ಟ್ಯೂಮಿನ ನಿಖರತೆ ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ. ಸ್ಟಾರ್ ವಾರ್ಸ್ ಅಭಿಮಾನಿಗಳ '501ಸ್ಟ್ ಲೀಜನ್' ಅಂತ ಒಂದು ಸಂಘ ಇದೆ, 1997ರಲ್ಲಿ ಶುರುವಾದದ್ದು. ಸೇರಬೇಕಾದರೆ ನಿಮ್ಮ ಕವಚ ಅವರ ಪಟ್ಟಿಯ ಪ್ರಕಾರ ಇರಲೇಬೇಕು, ಒಂದೊಂದು ಭಾಗದ ಆಕಾರ, ಬಣ್ಣ ಎಲ್ಲಾ ನೋಡ್ತಾರೆ. ಆ ಶಿಸ್ತಿಗೂ ಒಂದು ಸೊಗಸಿದೆ. ಆದರೆ ಅದೇ ಸ್ಟಾರ್ ವಾರ್ಸಿನ ಬೋಬಾ ಫೆಟ್ ಹೆಲ್ಮೆಟ್ ಯಾಕೆ ಜನಕ್ಕೆ ಇಷ್ಟ? ಹಣೆ ಮೇಲೊಂದು ತಗ್ಗಿದೆ. ಯಾವುದೋ ಏಟು ಬಿದ್ದಿದೆ, ಇವನು ಬದುಕಿದ್ದಾನೆ. ಆ ತಗ್ಗನ್ನು ಅಳತೆ ಪ್ರಕಾರ ಮಾಡಿಬಿಡಬಹುದು. ಏಟು ತಿಂದವನ ಕುತ್ತಿಗೆ ಹೇಗಿರುತ್ತೆ ಅನ್ನೋದು ಯಾವ ಪಟ್ಟಿಯಲ್ಲೂ ಸಿಗಲ್ಲ.

ಇದನ್ನೆಲ್ಲ ನಾನು ಕಾಮಿಕ್ ಕಾನ್‌ಗೆ ಹೋಗಿ ಕಲಿಯಬೇಕಾಗಿರಲಿಲ್ಲ. ನಾಚಿಕೆ ಆಗೋದು ಅದಕ್ಕೇ. ನಮ್ಮೂರು ಸಾಗರದ ಕಡೆ. ನನ್ನ ಸೋದರಮಾವ ಊರಿನ ಹವ್ಯಾಸಿ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡ್ತಿದ್ದರು. ಹಗಲು ಅಡಿಕೆ ಕೊಯ್ಯೋ ಕೈ. ಚಿಕ್ಕವನಿದ್ದಾಗ ನಾನು ಚೌಕಿಗೆ ನುಗ್ಗಿ ಬಣ್ಣ ಹಚ್ಚೋದನ್ನ ನೋಡ್ತಾ ಕೂರ್ತಿದ್ದೆ. ಅಲ್ಲಿ ರಾಕ್ಷಸ ವೇಷದವರು ಅರ್ಧ ಬಣ್ಣದಲ್ಲೇ ಕಾಲು ಚಾಚಿ ಬೀಡಿ ಸೇದ್ತಿದ್ದರು, ನಮ್ಮನ್ನ ಕಂಡರೆ ಕಣ್ಣು ಮಿಟುಕಿಸ್ತಿದ್ದರು. ಮಾವ ಮಾತ್ರ ಸೀರೆ ಉಟ್ಟು ಗೆಜ್ಜೆ ಕಟ್ಟಿದ ಮೇಲೆ ಬೇರೆ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡೀತಿದ್ದರು. ಕರೆದರೆ ಮೈ ತಿರುಗಿಸದೆ ಕುತ್ತಿಗೆ ಮಾತ್ರ ತಿರುಗಿಸ್ತಿದ್ದರು. ಆ ಹೊತ್ತಲ್ಲಿ ಅವರನ್ನ "ಮಾವ" ಅಂತ ಕರೆಯೋಕೆ ನನಗೆ ಬಾಯಿ ಬರ್ತಿರಲಿಲ್ಲ.

ಹಾಗಂತ ಬೀಡಿ ಸೇದಿದವರ ವೇಷ ಕೆಟ್ಟದ್ದಾಗಿತ್ತಾ? ಖಂಡಿತಾ ಇಲ್ಲ. ತೆರೆ ಹಿಂದಿನಿಂದ ಅಬ್ಬರಿಸಿಕೊಂಡು ಬಂದಾಗ ಮುಂದಿನ ಸಾಲಿನ ಮಕ್ಕಳು ಉಚ್ಚೆ ಹೊಯ್ಕೊಳ್ತಿದ್ದರು. ಅವರು ಬೀಡಿ ಸೇದಬಹುದಿತ್ತು, ಯಾಕೆಂದರೆ ಚೌಕಿ ಬೇರೆ, ರಂಗಸ್ಥಳ ಬೇರೆ. ಕನ್ವೆನ್ಷನ್ನಿನಲ್ಲಿ ಆ ಗೋಡೆ ಇಲ್ಲ. ಇಡೀ ಹಾಲೇ ರಂಗಸ್ಥಳ, ಹಸಿವಾದರೂ ಅಲ್ಲೇ, ಕಾಲು ನೋವಾದರೂ ಅಲ್ಲೇ. ಟೋಕಿಯೋದ ಕಾಮಿಕೆಟ್‌ನಲ್ಲಿ ವೇಷ ಹಾಕ್ಕೊಂಡು ಮನೆಯಿಂದ ಬರೋ ಹಾಗಿಲ್ಲ, ಹಾಗೇ ಹೋಗೋ ಹಾಗೂ ಇಲ್ಲ. ಅಲ್ಲೇ ಚೇಂಜಿಂಗ್ ರೂಮಿನಲ್ಲಿ ಬದಲಾಯಿಸಬೇಕು. ಒಂದು ಥರದ ಚೌಕಿ ಅಂದ್ಕೊಳ್ಳಿ. ನಮ್ಮಲ್ಲಿ ನರುಟೊ ಪರ್ಪಲ್ ಲೈನ್ ಮೆಟ್ರೋದಲ್ಲಿ ಬ್ಯಾಗು ಸ್ಕ್ಯಾನ್ ಮಾಡಿಸಿಕೊಂಡೇ ವೈಟ್‌ಫೀಲ್ಡಿಗೆ ಬರ್ತಾನೆ. ನನಗೆ ಅದೂ ಇಷ್ಟವೇ. ಆದರೆ ಆಗ ವೇಷದ ಕೆಲಸ ಮನೆ ಬಾಗಿಲಿನಿಂದಲೇ ಶುರು.

ಸ್ಟೇಜ್ ಸ್ಪರ್ಧೆಯ ಮಾತು ಬೇರೆ. ಅಲ್ಲಿ ಲೈಟು, ಮ್ಯೂಸಿಕ್ಕು, ಲೆಕ್ಕದ ನಿಮಿಷ ಎಲ್ಲ ಇರುತ್ತೆ. ನಾನು ಹೇಳ್ತಿರೋದು ನೆಲದ ಮೇಲೆ ಓಡಾಡೋ ಎಂಟು ಗಂಟೆಯ ಬಗ್ಗೆ.

ಆ ಎಂಟು ಗಂಟೆಯನ್ನು ಪೂರ್ತಿ ಗೆದ್ದ ಒಂದು ವೇಷ ನೋಡಿದೆ. 'ಸ್ಪಿರಿಟೆಡ್ ಅವೇ' ಸಿನಿಮಾದ ಮುಖವಿಲ್ಲದ ಭೂತ, ನೋ-ಫೇಸ್. ಕಪ್ಪು ಬಟ್ಟೆ, ಬಿಳಿ ಮುಖವಾಡ, ಅಷ್ಟೇ. ಚಿಕ್ಕಪೇಟೆಯಲ್ಲಿ ಬಟ್ಟೆ ತಗೊಂಡರೆ ಒಂದು ಸಿನಿಮಾ ಟಿಕೆಟ್ ಪಾಪ್‌ಕಾರ್ನ್ ಖರ್ಚಿನಲ್ಲಿ ಮುಗಿಯುತ್ತೆ. ಅದು ಮಾತಾಡಲಿಲ್ಲ, ಪೋಸ್ ಕೊಡಲಿಲ್ಲ. ಪುಸ್ತಕದ ಸ್ಟಾಲಿನ ಮುಂದೆ ಕ್ಯೂನಲ್ಲಿ ಜನರ ಜೊತೆ ನಿಲ್ತಿತ್ತು. ಕ್ಯೂ ಒಂದು ಹೆಜ್ಜೆ ಸರಿದರೆ ಅದೂ ಸರೀತಿತ್ತು. ಮುಂದಿನವರು ತಿರುಗಿ ನೋಡಿ ಬೆಚ್ಚಿದರೆ, ಮೆಲ್ಲಗೆ ಎರಡೂ ಬೊಗಸೆ ಚಾಚ್ತಿತ್ತು. ಬೊಗಸೆಯಲ್ಲಿ ಬಂಗಾರದ ಕಾಗದ ಸುತ್ತಿದ ಚಾಕ್ಲೇಟು ನಾಣ್ಯ. ಸಿನಿಮಾದಲ್ಲೂ ಆ ಭೂತ ಹಾಗೇ ಬಂಗಾರ ಕೊಟ್ಟು ಜನರನ್ನು ಒಲಿಸಿಕೊಳ್ಳೋಕೆ ನೋಡುತ್ತೆ. ಬಾಯಾರಿದರೆ? ಮುಖವಾಡದ ಕೆಳಗಿನಿಂದ ಬಾಟಲಿ ಒಳಗೆ ಹೋಯ್ತು, ಖಾಲಿಯಾಗಿ ಹೊರಗೆ ಬಂತು. ಎಲ್ಲವನ್ನೂ ನುಂಗೋ ಭೂತ ತಾನೇ! ನೋಡ್ತಿದ್ದವರು ಚಪ್ಪಾಳೆ ಹೊಡೆದರು. ಒಳಗೆ ಇದ್ದದ್ದು ಹುಡುಗನೋ ಹುಡುಗಿಯೋ, ಕಪ್ಪೋ ಬಿಳುಪೋ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾಗದೇ ಇದ್ದದ್ದು ಒಳ್ಳೇದಾಯ್ತೇನೋ. ಆಚೆ ಒಬ್ಬಳು ವಂಡರ್ ವುಮನ್ ಇದ್ದಳು. ಅವಳ ಬೆನ್ನ ಹಿಂದಿನಿಂದ, ಕೇಳದೆ, ಫೋನು ಕೆಳಗೆ ಹಿಡಿದು ವಿಡಿಯೋ ತೆಗೀತಿದ್ದವರನ್ನೂ ನೋಡಿದೆ. "ಈ ಕ್ಯಾರೆಕ್ಟರ್ ಬೆಳ್ಳಗಿರಬೇಕಲ್ವಾ" ಅಂತ ಅವಳಿಗೆ ಕೇಳೋ ಹಾಗೇ ಅಂದವರನ್ನೂ. ನ್ಯೂಯಾರ್ಕ್ ಕಾಮಿಕ್ ಕಾನ್‌ನಲ್ಲಿ 2014ರಲ್ಲೇ, ವೇಷ ಹಾಕಿದ ಮಾತ್ರಕ್ಕೆ ಒಪ್ಪಿಗೆ ಕೊಟ್ಟ ಹಾಗಲ್ಲ ಅಂತ ದೊಡ್ಡ ಬೋರ್ಡು ನಿಲ್ಲಿಸಿದ್ದರು. ಅಡಿಕೆ ಕೊಯ್ಯೋ ಗಂಡಸು ದ್ರೌಪದಿಯಾಗಿ ಬಂದರೆ ರಾತ್ರಿಯಿಡೀ ಒಪ್ಪಿಕೊಂಡು ಕೂತು ನೋಡಿದ ಜನ ನಾವು. ಬಣ್ಣದ ಲೆಕ್ಕ ಯಾವಾಗ ಶುರು ಮಾಡಿದೆವು? ಅವಳು ತಿರುಗಿ, ಫೋನು ಹಿಡಿದವನ ಎದುರು ಎರಡೂ ಮಣಿಕಟ್ಟು ಅಡ್ಡ ಹಿಡಿದು ಸುಮ್ಮನೆ ನಿಂತಳು, ವಂಡರ್ ವುಮನ್ ಗುಂಡು ತಡೆಯೋ ಹಾಗೆ. ಫೋನು ಜೇಬಿಗೆ ಹೋಯ್ತು. ಆ ಸನ್ನೆ ಅವಳಿಗೆ ಪಾತ್ರ ಕೊಟ್ಟದ್ದೋ, ಆ ಪಾತ್ರಕ್ಕೆ ಅವಳು ಕೊಟ್ಟದ್ದೋ, ನನಗೆ ಹೇಳೋಕೆ ಬರಲ್ಲ. ಆ ದಿನ ನಾನು ನೋಡಿದ ವೇಷಗಳಲ್ಲಿ ಅದಕ್ಕಿಂತ ನಿಜವಾದ ಕ್ಷಣ ಇನ್ನೊಂದಿಲ್ಲ. ಯಾರ ಕ್ಯಾಮೆರಾದಲ್ಲೂ ಅದು ಸಿಕ್ಕಿರಲಿಕ್ಕಿಲ್ಲ.

ನನ್ನ ಜಾಕೆಟ್ಟು ಈಗ ಊರಲ್ಲಿದೆ. ಚಳಿಗೆ ಅಂತ ಕೊಟ್ಟು ಬಂದಿದ್ದೆ. ಬೆನ್ನ ಮೇಲೆ ಎರಡು ರೆಕ್ಕೆಯ ಲಾಂಛನ, ಕೈಯಲ್ಲಿ ಕತ್ತಿ, ಅಪ್ಪ ಬೆಳಿಗ್ಗೆ ಅದನ್ನೇ ಹಾಕ್ಕೊಂಡು ತೋಟಕ್ಕೆ ಹೋಗ್ತಾರಂತೆ. ಮೊನ್ನೆ ಫೋನಿನಲ್ಲಿ ಕೇಳಿದೆ, ಹೇಗಿದೆ ಅಪ್ಪಾ ಅಂತ.

"ಬೆಚ್ಚಗೇನೋ ಇದೆ. ಆದ್ರೆ ಸೊಂಟ ಮುಚ್ಚಲ್ಲ ಕಣೋ. ಇದನ್ನ ಯಾವ ಅಳತೆಗೆ ಹೊಲಿದಿದ್ದಾರೆ?"