ಪಟಕದ ಹರಳಿಗೆ ಅವಸರ ಆಗದು

ಮಕ್ಕಳ ಜೊತೆ ಮನೆಯಲ್ಲಿ ಹರಳು ಬೆಳೆಸಲು ಯಾವ ವಸ್ತು ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಪಟಕ. ಅಡುಗೆ ಉಪ್ಪು ಬಿಸಿನೀರಿನಲ್ಲೂ ತಣ್ಣೀರಿನಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕರಗುವುದರಿಂದ, ದ್ರಾವಣ ಆರಿದರೂ ಹರಳಾಗುವುದು ಅತ್ಯಲ್ಪ. ಮೈಲುತುತ್ತದ ನೀಲಿ ಕಣ್ಣು ಸೆಳೆಯುತ್ತದೆ, ಆದರೆ ಅದು ವಿಷ. ಚಿಕ್ಕವರ ಕೈಗೆ ಬೇಡ. ಪಟಕವೋ ಗ್ರಂಥಿಗೆ ಅಂಗಡಿಯಲ್ಲೇ ಸಿಗುತ್ತದೆ. ಬಿಸಿಗೆ ಧಾರಾಳವಾಗಿ ಕರಗಿ, ಆರುತ್ತಿದ್ದಂತೆ ಅಷ್ಟೇ ಧಾರಾಳವಾಗಿ ಹರಳುಗಟ್ಟುತ್ತದೆ.

100 ಮಿ.ಲೀ. ಬಿಸಿನೀರಿಗೆ 20 ಗ್ರಾಂ ಪಟಕದ ಪುಡಿ ಹಾಕಿ ಕರಗಿಸಿ, ಸೋಸಿ ಇಡಿ. ಬಿಸಿನೀರಿನ ಕೆಲಸ ದೊಡ್ಡವರದು. ಒಂದೆರಡು ದಿನದಲ್ಲಿ ತಳದಲ್ಲಿ ಸಣ್ಣ ಹರಳುಗಳು ಕೂರುತ್ತವೆ. ಯಾವುದಕ್ಕೂ ಅಂಟದೆ ಒಂಟಿಯಾಗಿ ಬೆಳೆದ, ಅಂಚು ಚೂಪಾದ ಒಂದನ್ನು ಮಗುವೇ ಬೀಜವಾಗಿ ಆರಿಸಲಿ. ದ್ರಾವಣವನ್ನು ಬೇರೆ ಲೋಟಕ್ಕೆ ಬಸಿದು, ಬೀಜವನ್ನು ತೆಳು ನೈಲಾನ್ ದಾರದಲ್ಲಿ ಇಳಿಬಿಡಿ. ಹತ್ತಿದಾರವಾದರೆ ಅದರ ನಾರುನಾರಿಗೂ ಹೊಸ ಹರಳು ಹುಟ್ಟಿ ಬೀಜದ ಪಾಲನ್ನು ಕಸಿಯುತ್ತದೆ. ಲೋಟದ ಬಾಯಿಗೆ ಕಾಗದ ಮುಚ್ಚಿ, ಬಿಸಿಲೂ ಒಲೆಯ ಶಾಖವೂ ತಾಗದ ಮೂಲೆಯಲ್ಲಿಡಿ. ದ್ರಾವಣ ಬೆಚ್ಚಗಾದರೆ ಬೀಜವೇ ಕರಗಿಹೋದೀತು.

ಇನ್ನು ಕಾಯುವುದು. ನೀರು ನಿಧಾನವಾಗಿ ಆವಿಯಾದರೆ ಪ್ರತಿ ಕಣವೂ ತನ್ನ ಜಾಗ ಹುಡುಕಿಕೊಂಡು ಪದರದ ಮೇಲೆ ಪದರ ಸಾಲಾಗಿ ಕೂರುತ್ತದೆ. ಅವಸರಪಡಿಸಿದರೆ ದ್ರಾವಣದ ಹನಿಗಳು ಒಳಗೇ ಸಿಕ್ಕಿಬಿದ್ದು ಹರಳು ಮಂಜುಮಂಜಾಗುತ್ತದೆ. ಹಾಗಾಗಿ ನಾನು ಹರಳಿನ ಗಾತ್ರ ನೋಡಿ ಮೆಚ್ಚುವುದಿಲ್ಲ. ಹಿಂದಿಟ್ಟ ಅಕ್ಷರ ಅದರ ಮೂಲಕ ಕಾಣುತ್ತದೆಯೇ, ಮುಖಗಳು ಸಪಾಟಾಗಿವೆಯೇ ಎಂದು ನೋಡುತ್ತೇನೆ.

ಎಂಟು ತ್ರಿಕೋನ ಮುಖಗಳ ಆ ಹರಳಿನ ಮೇಲೆ ಮಗು ಕೋನಮಾಪಕ ಇಡಲಿ. ಮುಖದ ಅಂಚುಗಳ ನಡುವಿನ ಕೋನ 60 ಡಿಗ್ರಿ; ಹರಳು ಸಾಸಿವೆಯಷ್ಟಿದ್ದಾಗಲೂ ಅಷ್ಟೇ, ನಿಂಬೆಯಷ್ಟಾದಾಗಲೂ ಅಷ್ಟೇ. ಗಾತ್ರ, ಆಕಾರ ಬದಲಾದರೂ ಹರಳಿನ ಕೋನ ಬದಲಾಗದೆಂದು ಡೆನ್ಮಾರ್ಕಿನ ನಿಕೋಲಸ್ ಸ್ಟೆನೊ 1669ರಲ್ಲಿ ಬೆಣಚುಕಲ್ಲಿನ ಹರಳುಗಳನ್ನು ನೋಡಿ ಬರೆದಿದ್ದ. ಒಳಗಿನ ಕಣಗಳ ಶಿಸ್ತು ಎಕ್ಸ್-ಕಿರಣಗಳಿಂದ ಪ್ರಯೋಗದಲ್ಲಿ ಬಯಲಾದದ್ದು 1912ರಲ್ಲಿ.

ಬೆಳೆದ ಹರಳನ್ನು ಒರೆಸಿ, ಬಣ್ಣವಿಲ್ಲದ ಉಗುರುಬಣ್ಣ ಬಳಿದಿಡಿ. ಪಟಕದ ತೂಕದಲ್ಲಿ ನೂರಕ್ಕೆ 45ರಷ್ಟು ನೀರೇ ಇರುವುದರಿಂದ ಒಣಗಾಳಿಗೆ ಮೈ ಬೆಳ್ಳಗಾಗುತ್ತದೆ. ಬಳಿಯುವ ಮೊದಲು ಇನ್ನೊಂದು ಹರಳಿನ ಮೂಲೆ ಮುರಿದು ಮತ್ತೆ ದ್ರಾವಣಕ್ಕೆ ಇಳಿಬಿಡಿ. ಮುರಿದ ಮೂಲೆ ತಾನಾಗಿ ತುಂಬಿಕೊಂಡು ಹಳೆಯ ಕೋನಕ್ಕೇ ಬರುವುದನ್ನು ನೋಡಿದ ಮಗುವಿಗೆ ರಸಾಯನಶಾಸ್ತ್ರದ ಪಾಠ ಬೇರೆಯೇ ಆಗಿ ಕೇಳಿಸುತ್ತದೆ.